ಬೆವರುವ ಟ್ಯಾಂಕಿನ ಮನೆಗೆ ಹೆಣ್ಣಿನ ಕಡೆಯವರು ಬಂದದ್ದು

ಹನೂರಿನ ಸಂಬಂಧ ತಪ್ಪಿಹೋದದ್ದು ಜಾತಕದಿಂದಲ್ಲ, ಜಮೀನಿನಿಂದಲೂ ಅಲ್ಲ. ಮಂಡಿಯಿಂದ. ಅದೂ ಹುಡುಗಿಯ ಮಂಡಿಯಲ್ಲ, ಹುಡುಗಿಯ ಸೋದರತ್ತೆಯ ಮಂಡಿ.

ಗಂಡಿನ ಊರಾದ ಅಗರಕ್ಕೆ ಮನೆ ನೋಡಲು ಬಂದ ಆಯಮ್ಮ ಒಬ್ಬಟ್ಟು ತಿಂದರು, ಕೊಟ್ಟಿಗೆ ನೋಡಿದರು, ಗದ್ದೆಗೆ ನೀರು ಯಾವ ಕಡೆಯಿಂದ ಬರುತ್ತದೆಂದು ಕೇಳಿದರು. ಎಲ್ಲವೂ ಸರಿಯಿತ್ತು. ಕಡೆಗೆ ಹಿತ್ತಲ ಬಚ್ಚಲುಮನೆಗೆ ಹೋದರು. ಹೋದವರು ಕೂತರು. ಕೂತವರು ಏಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಒಳಗಿನಿಂದ "ಯಾರಾರ ಬನ್ರವ್ವೋ" ಎಂಬ ಕ್ಷೀಣ ದನಿ ಬಂತು. ಮನೆಯೊಡತಿ ಮಾಲಿನಿಯೂ ಪಕ್ಕದ ಮನೆಯ ಯಶೋದಳೂ ಒಂದೊಂದು ರೆಟ್ಟೆ ಹಿಡಿದು ಎತ್ತಿ ತಂದು ಜಗಲಿಯ ಮೇಲೆ ಕೂರಿಸಿದರು. ಆಯಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಏಳಕ್ಕೇ ಆಗ್ದಿರೋ ಮನೇಲಿ ನಮ್ ಮಗಿಗೆ ಏನ್ ಏಳ್ಗೆ ಆದದು?" ಎಂದು ತೀರ್ಪು ಕೊಟ್ಟು ಕಾರು ಹತ್ತಿದರು.

ಅದು ಹದಿನಾಲ್ಕನೆಯ ಸಂಬಂಧ. ಮಾಲಿನಿಯ ಗಂಡ ಶಾಂತಮೂರ್ತಿಯ ತಮ್ಮ ಶಿವಶಂಕರನಿಗೆ ಆಗ ಮೂವತ್ತಾರು ದಾಟಿತ್ತು. ಭತ್ತ ಬೆಳೆಯುತ್ತಿದ್ದ, ಕಬ್ಬು ಬೆಳೆಯುತ್ತಿದ್ದ, ನಾಲ್ಕು ಹಸು ಸಾಕಿದ್ದ. ಕುಡಿಯುತ್ತಿರಲಿಲ್ಲ, ಜೂಜಾಡುತ್ತಿರಲಿಲ್ಲ, ಹೆಚ್ಚುಕಡಿಮೆ ಮಾತೂ ಆಡುತ್ತಿರಲಿಲ್ಲ. ಮಣ್ಣು ಮುಟ್ಟುವವನಿಗೆ ಹೆಣ್ಣು ಕೊಡುವುದಿಲ್ಲ ಎಂದು ಮೊದಲ ಹದಿಮೂರು ಮನೆಯವರು ಬೇರೆ ಬೇರೆ ಮಾತಿನಲ್ಲಿ ಒಂದೇ ಮಾತು ಹೇಳಿದ್ದರು. ಹೆಣ್ಣು ಸಿಗಲೆಂದು ಹರಕೆ ಹೊತ್ತು ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಹುಡುಗರ ಜೊತೆ ಅವನೂ ವರ್ಷ ವರ್ಷ ಹೋಗುತ್ತಿದ್ದ. ಹೋದ ಸಲ ಆ ಹುಡುಗರು, "ನೀವ್ ಮುಂದೆ ನಡೀರಿ, ಹಿರೀಕರು" ಎಂದು ದಾರಿ ಬಿಟ್ಟರಂತೆ. ಅಂದಿನಿಂದ ಶಿವಶಂಕರ ಇದ್ದ ನಾಲ್ಕು ಮಾತನ್ನೂ ನಿಲ್ಲಿಸಿದ.

ಇದನ್ನು ನೋಡಲಾರದೆ ಶಾಂತಮೂರ್ತಿ ಒಂದು ತೀರ್ಮಾನಕ್ಕೆ ಬಂದ. ನೆಲಮಟ್ಟದ ಹಳೆಯ ಸಂಡಾಸು ಕೀಳಿಸುವುದು. ಕಮೋಡು ಇಡಿಸುವುದು.

ಶಾಂತಮೂರ್ತಿ ಊರಿನ ಹಾಲಿನ ಸೊಸೈಟಿಯ ಡೈರೆಕ್ಟರು. ಹಾಲಿಗೆ ನೀರು ಬೆರೆಸಿದವರನ್ನು ಹಿಡಿಯುವುದರಲ್ಲಿ ಯಳಂದೂರು ತಾಲ್ಲೂಕಿಗೇ ಹೆಸರಾದವನು. ಏನೇ ಆಗಲಿ ಟೆಸ್ಟು ಮಾಡದೆ ನಂಬುವವನಲ್ಲ. ಹಾಗಾಗಿ ಕೊಳ್ಳೇಗಾಲದ ಸ್ಯಾನಿಟರಿ ಅಂಗಡಿಯಲ್ಲಿ ಮಾಲೀಕ ಪುಟ್ಟಬಸಪ್ಪ ಸಾಲಾಗಿ ಜೋಡಿಸಿದ್ದ ಕಮೋಡುಗಳನ್ನು ತೋರಿಸಿದಾಗ, ಅವನು ಕೇಳಿದ ಮೊದಲ ಪ್ರಶ್ನೆ, "ಇದ್ನ ಟೆಸ್ಟ್ ಮಾಡದೆಂಗೆ?"

"ಚಪ್ಲಿ ತಕಳಾಗ ಮೆಟ್ ನೋಡಲ್ವ ಸಾ? ಹಂಗೇಯ. ಕೂತ್ ನೋಡಿ."

ಶಾಂತಮೂರ್ತಿ ಪಂಚೆ ಸರಿಪಡಿಸಿಕೊಂಡು ಮೊದಲನೆಯದರ ಮೇಲೆ ಕೂತ.

"ಈಗ ಕೈ ಊರ್ದಂಗೆ ಏಳಿ," ಎಂದ ಪುಟ್ಟಬಸಪ್ಪ.

ಏಳಲಾಗಲಿಲ್ಲ. ಗಿಡ್ಡ ಅದು. ಎರಡನೆಯದು ಎಷ್ಟು ಎತ್ತರವೆಂದರೆ ಕಾಲು ನೇತಾಡಿದವು. ಮೂರನೆಯದು ಅಗಲ ಸಾಲದು. ನಾಲ್ಕನೆಯದರ ಮೇಲೆ ಕೂತು ಕಣ್ಣು ಮುಚ್ಚಿ, ಅರವತ್ತು ದಾಟಿದ ಹೆಂಗಸಿನ ಮಂಡಿಯನ್ನು ಮನಸ್ಸಿನಲ್ಲಿ ಧ್ಯಾನಿಸುತ್ತಿರುವಾಗ ಅಂಗಡಿಯ ಮುಂದೆ ಯಳಂದೂರು ಬಸ್ಸು ಟ್ರಾಫಿಕ್ಕಿಗೆ ಸಿಕ್ಕಿ ನಿಂತಿತು. ಬಸ್ಸಿನ ತುಂಬ ಅಗರದವರು. ಕಿಟಕಿ ಕಿಟಕಿಯಲ್ಲೂ ಎರಡೆರಡು ತಲೆ.

"ಡೈರೆಕ್ಟ್ರೇ, ಮುಗೀತಾ?" ಎಂದು ಒಂದು ತಲೆ ಕೂಗಿತು.

"ಆತುರ ಮಾಡ್ಬ್ಯಾಡ್ರಲಾ, ಸಮಾಧಾನವಾಗ್ ಆಗ್ಲಿ," ಎಂದಿತು ಇನ್ನೊಂದು.

ಇಂಥ ಹೊತ್ತಿನಲ್ಲಿ ಎದ್ದರೆ ತಪ್ಪೊಪ್ಪಿಕೊಂಡಂತೆ. ಶಾಂತಮೂರ್ತಿ ಏಳಲಿಲ್ಲ. ಕೂತಲ್ಲಿಂದಲೇ ಗಂಭೀರವಾಗಿ ಕೈಯೆತ್ತಿ ಬಸ್ಸಿಗೆ ನಮಸ್ಕಾರ ಮಾಡಿದ. ಬಸ್ಸು ಹೊರಡುವವರೆಗೂ ಎತ್ತಿದ ಕೈ ಇಳಿಸಲಿಲ್ಲ.

ಏಳನೆಯ ಕಮೋಡು ಅವನಿಗೆ ಒಪ್ಪಿತು. ಕುರ್ಚಿಯಷ್ಟು ಎತ್ತರ, ಹಿಂದೆ ಬಿಳಿಯ ಪಿಂಗಾಣಿ ಟ್ಯಾಂಕು. ಆಗ ಪುಟ್ಟಬಸಪ್ಪ, "ಗೋಡೆಗೂ ಗುಂಡಿಗೂ ಎಷ್ಟ್ ದೂರ ಅದೆ?" ಎಂದ. ಅಳೆದಿರಲಿಲ್ಲ. ಮಾಲಿನಿಗೆ ಫೋನು ಹೋಯಿತು. ಅವಳು ಕೈಯಲ್ಲೇ ಅಳೆದು "ಒಂದ್ ಗೇಣು ಮೂರ್ ಬೆಳ್ಳು" ಎಂದಳು.

"ಯಾರ್ ಗೇಣು?" ಎಂದ ಶಾಂತಮೂರ್ತಿ.

"ನಮ್ಮನೇಲಿ ಗೇಣಾಕ ಪುರುಸೊತ್ತಿರದು ಇನ್ಯಾರ್ಗೆ? ನಂದೇಯ."

ಪುಟ್ಟಬಸಪ್ಪ ತನ್ನ ಹೆಂಡತಿಯನ್ನು ಕರೆದು ಅವಳ ಗೇಣನ್ನು ಟೇಪಿನಲ್ಲಿ ಅಳೆದು ಅಂದಾಜು ಕಟ್ಟಿದ. ಕಟ್ಟಿ, "ಇನ್ನೊಂದ್ ಕೇಳ್ಬೇಕು ಸಾ. ಸ್ನಾನದ ಹಂಡೆ, ಒಲೆ ಅದೇ ರೂಮಲ್ಲಾ?" ಎಂದ.

"ಹೂಂ. ಇನ್ನೆಲ್ ಮಡಗನ?"

"ಹಂಗಾರೆ ಈ ಟ್ಯಾಂಕ್ ತಕಳಿ. ಇದ್ರೊಳಗೆ ತರ್ಮೋಕೋಲ್ ಪದರ ಕೂರ್ಸವ್ರೆ."

"ನಾನೇನ್ ಅದ್ರೊಳಗೆ ಐಸ್‌ಕ್ರೀಮ್ ಮಡಗ್ತೀನಾ?" ಎಂದು ಶಾಂತಮೂರ್ತಿ ನಕ್ಕು, ಪದರವಿಲ್ಲದ್ದನ್ನೇ ಆಟೋಗೆ ಹೇರಿಸಿದ.

ಯಳಂದೂರಿನ ಪ್ಲಂಬರ್ ಮಾದು ಬಂದು ಒಂದೇ ದಿನದಲ್ಲಿ ಕೂರಿಸಿಕೊಟ್ಟ. ಮಂಡಿನೋವಿನ ಮುದುಕಿಯರು ಒಬ್ಬೊಬ್ಬರಾಗಿ ಬಂದು ಕೂತು ಎದ್ದು ಆಶೀರ್ವಾದ ಮಾಡಿ ಹೋದರು. ಇಷ್ಟು ಮರ್ಯಾದೆಯ ವಸ್ತು ಇರುವ ಕೋಣೆಯ ಕಿಟಕಿ ಯಶೋದಳ ಹಿತ್ತಲಿಗೆ ತೆರೆದುಕೊಂಡಿರುವುದು ಶಾಂತಮೂರ್ತಿಗೆ ಸರಿಕಾಣಲಿಲ್ಲ. ಯಶೋದಳ ಕಿವಿ ಎಷ್ಟು ದೂರಕ್ಕೂ ಹೋಗುವಂಥದ್ದು. ಹೊಗೆ ಆವಿ ಎಲ್ಲ ಆ ಕಿಟಕಿಯಿಂದಲೇ ಹೋಗಬೇಕೆಂಬುದನ್ನು ಮರೆತು, ಅದಕ್ಕೊಂದು ಪ್ಲೈವುಡ್ ಹಲಗೆ ಹೊಡೆದು ಮುಚ್ಚಿಬಿಟ್ಟ. ಶಿವಶಂಕರ ಬಾಗಿಲಲ್ಲಿ ನಿಂತು ಏನೋ ಹೇಳಲು ಬಾಯಿ ತೆರೆದ. ಸುತ್ತಿಗೆಯ ಸದ್ದಿನಲ್ಲಿ ಅದು ಕೇಳಿಸಲಿಲ್ಲ.

ಐದನೆಯ ದಿನ ಬೆಳಿಗ್ಗೆ ನೆಲ ಒದ್ದೆ.

"ಸೋರ್ತಾ ಅದೆ," ಎಂದಳು ಮಾಲಿನಿ.

ಒರೆಸಿದರು. ಮರುದಿನ ಮತ್ತೆ ಒದ್ದೆ. ಟ್ಯಾಂಕಿನ ಮೈಮೇಲೆಲ್ಲ ಮುತ್ತಿನಂಥ ಹನಿಗಳು. ಮಾದು ಬಂದು ಬೆರಳಿನಲ್ಲಿ ಸವರಿ ನೋಡಿದ.

"ಇದ್ ಸೋರಿಕೆ ಅಲ್ಲ ಸಾ. ಬೆವರು."

"ಟ್ಯಾಂಕ್ ಬೆವರ್ತದೇನ್ಲಾ?"

"ಚೊಂಬಿಗೆ ಫ್ರಿಜ್ ನೀರ್ ಉಯ್ದು ಮಡಗಿ, ಹೊರ್ಗೆ ನೀರ್ ಕೂರಲ್ವಾ? ಚೊಂಬೇನ್ ತೂತಾ? ಈ ಚಳೀಲಿ ಮ್ಯಾಲಿನ್ ಟ್ಯಾಂಕಿ ನೀರು ತಣ್ಣಗ್ ಕೊರೀತದೆ. ಹಂಡೆ ಆವಿ ಬಿಸಿ. ಕಿಟ್ಕಿ ಬ್ಯಾರೆ ಮುಚ್ಚಿದ್ದೀರಿ, ಇಡ್ಲಿ ಪಾತ್ರೆ ಮಾಡಿದಂಗೆ. ಕಿಟ್ಕಿ ತೆಗೀರಿ. ಇಲ್ಲಾಂದ್ರೆ ಒಲೆ ಆಚೆ ಹಾಕ್ಸಿ. ಇಲ್ಲಾಂದ್ರೆ ಟ್ಯಾಂಕ್ ಒಣಗ್ಸಿ ಒಳ್ಗೆ ತರ್ಮೋಕೋಲ್ ಅಂಟ್ಸನ."

ಪುಟ್ಟಬಸಪ್ಪನೂ ಫೋನಿನಲ್ಲಿ ಅದನ್ನೇ ಹೇಳಿದ, ಐಸ್‌ಕ್ರೀಮಿನ ಮಾತನ್ನು ವಿನಯದಿಂದ ನೆನಪಿಸಿ. ಸುದ್ದಿ ನಲ್ಲಿಯ ಹತ್ತಿರ ತಲುಪಿದಾಗ ಯಶೋದ, "ಬುಡಿ ಮಾಲಿನಕ್ಕ, ನಿಮ್ಮನೇಲಿ ಬೆವರ್ ಸುರ್ಸೋ ಜೊತೆಗಾರ ಶಿವಶಂಕರುಂಗೂ ಒಬ್ಬ ಸಿಕ್ದ" ಎಂದಳು.

ಶಾಂತಮೂರ್ತಿ ಮಾತ್ರ ಒಪ್ಪಲಿಲ್ಲ. ಸೋರಿದರೆ ಅದು ಕಂಪನಿಯ ತಪ್ಪು. ಬೆವರಿದರೆ ಕಿಟಕಿ ಮುಚ್ಚಿದವನ ತಪ್ಪು. ಡೈರೆಕ್ಟರಾದವನು ಯಾವುದನ್ನು ಒಪ್ಪಬೇಕು? "ಟೆಸ್ಟ್ ಏನಾರ ಅದ?" ಎಂದ.

ಇತ್ತು. ಟ್ಯಾಂಕಿನ ನೀರಿಗೆ ಒಂದು ಚಿಟಿಕೆ ಬಣ್ಣ ಹಾಕುವುದು. ಎರಡು ಗಂಟೆ ಯಾರೂ ಫ್ಲಶ್ ಒತ್ತದಿರುವುದು. ನೆಲದ ಮೇಲೆ ಬಣ್ಣದ ನೀರು ಬಿದ್ದರೆ ಸೋರಿಕೆ, ಬರೀ ನೀರು ಬಿದ್ದರೆ ಬೆವರು.

ಇದಾದದ್ದು ಒಂದು ಬುಧವಾರ ಬೆಳಿಗ್ಗೆ ಒಂಬತ್ತು ಗಂಟೆಗೆ. ಅದೇ ಬುಧವಾರ ಮಧ್ಯಾಹ್ನ ಎರಡಕ್ಕೆ ಮುಳ್ಳೂರಿನಿಂದ ಹದಿನೈದನೆಯ ಸಂಬಂಧದವರು ಮನೆ ನೋಡಲು ಬರುವವರಿದ್ದರು. ಹುಡುಗಿಯ ಅಜ್ಜಿಗೆ ಎರಡೂ ಮಂಡಿ ಹೋಗಿವೆ, ಅಜ್ಜಿ ಹೂಂ ಅಂದರೆ ಎಲ್ಲರೂ ಹೂಂ ಅಂದಂತೆ ಎಂದು ಮೊದಲೇ ತಿಳಿದಿತ್ತು. ಅವರು ಬರುವುದರೊಳಗೆ ಟೆಸ್ಟು ಮುಗಿಸಿ, ನೆಲ ಒರೆಸಿ, ಅಗತ್ಯ ಬಿದ್ದರೆ ಕಂಪನಿಯನ್ನು ಬೈಯುವುದು ಶಾಂತಮೂರ್ತಿಯ ಯೋಜನೆ. ಸಂಕ್ರಾಂತಿಯಲ್ಲಿ ಹಸುಗಳ ಮೈಗೆ ಬಳಿದು ಉಳಿದ ಕೆಂಪು ಬಣ್ಣದ ಪೊಟ್ಟಣ ಅಟ್ಟದಲ್ಲಿತ್ತು. ಚಿಟಿಕೆ ಸಾಕೆಂದು ಮಾದು ಹೇಳಿದ್ದ. ಚಿಟಿಕೆಯಲ್ಲಿ ಎಂಥ ಟೆಸ್ಟು? ಶಾಂತಮೂರ್ತಿ ಪೊಟ್ಟಣವನ್ನೇ ಸುರಿದು ಮುಚ್ಚಳ ಮುಚ್ಚಿದ.

ಹತ್ತೂವರೆಗೆ ಫೋನು ಬಂತು. ಹುಡುಗಿಯ ತಂದೆ ಪುಟ್ಟಮಲ್ಲಪ್ಪ. "ರಾಹುಕಾಲಕ್ಕೆ ಮುಂಚೇನೆ ಒಳಕ್ಕೆ ಕಾಲಿಡಾನ ಅಂತ ಹೊಂಟ್‌ಬುಟ್ವಿ. ನಿಮ್ಮೂರ್ ಏರಿ ಮ್ಯಾಲೆ ಬತ್ತಾ ಇದೀವಿ."

ಒಬ್ಬಟ್ಟು ಇನ್ನೂ ತಟ್ಟಿರಲಿಲ್ಲ. ಮಾಲಿನಿ ಒಲೆಗೆ ಓಡಿದಳು. ಶಿವಶಂಕರ ಮಡಿಕೆಯ ಗೆರೆ ಬಿಡದ ಹೊಸ ಅಂಗಿಯೊಳಗೆ ಹೊಕ್ಕ. ಶಾಂತಮೂರ್ತಿ ಬಚ್ಚಲ ನೆಲ ಒರೆಸಿದ, ಟ್ಯಾಂಕಿನ ಮೈ ಒರೆಸಿದ, ಟ್ಯಾಂಕಿನ ಒಳಗನ್ನು ಮರೆತ.

ಬಂದವರು ನಾಲ್ಕು ಜನ. ಕೋಲೂರಿದ ಅಜ್ಜಿ ಶಿವರತ್ನಮ್ಮ. ಸಕ್ಕರೆ ಕಾಯಿಲೆಯ ಪುಟ್ಟಮಲ್ಲಪ್ಪ. ಅವನ ಹೆಂಡತಿ ಮಹಾದೇವಮ್ಮ. ನಾಲ್ಕನೆಯವಳು ಹುಡುಗಿ ಪವಿತ್ರ. ಕೊಳ್ಳೇಗಾಲದ ಒಂದು ಲ್ಯಾಬಿನಲ್ಲಿ ಕೆಲಸ, ಮನೆಯನ್ನು ತಾನೇ ಕಣ್ಣಾರೆ ನೋಡಬೇಕೆಂದು ಬಂದವಳು.

ಶಿವರತ್ನಮ್ಮ ಜಗಲಿಯಲ್ಲಿ ಕೂರುತ್ತಲೇ, "ಕಮೋಡ್ ಅದೆ ಅಂದ್ರು. ಅದ್ಕೇ ನಾನೂ ಬಂದೆ. ಎಲ್ಲಿ?" ಎಂದರು. ಒಂದು ಒಬ್ಬಟ್ಟು ತಿಂದು, ಎರಡನೆಯದನ್ನು ತಟ್ಟೆಯಲ್ಲೇ ಇರಲೆಂದು ಹೇಳಿ, ಒಳಗೆ ಹೋದರು.

ಬಹಳ ಹೊತ್ತು ಬರಲಿಲ್ಲ. ಶಾಂತಮೂರ್ತಿಯ ಎದೆ ಹನೂರಿನತ್ತ ಹೊರಟಿತು. ಅಷ್ಟರಲ್ಲಿ ಬಾಗಿಲು ತೆರೆಯಿತು. ಶಿವರತ್ನಮ್ಮ ತಾವೇ ಎದ್ದು ಬಂದಿದ್ದರು. ಆದರೆ ಮುಖದಲ್ಲಿ ರಕ್ತವಿರಲಿಲ್ಲ. ಅವರ ಲೆಕ್ಕದಲ್ಲಿ, ಅದೆಲ್ಲ ಕಮೋಡಿನಲ್ಲಿತ್ತು.

ಫ್ಲಶ್ ಒತ್ತಿದ ಮೇಲೆ ನೀರು ಕೆಂಪಾದರೆ ನ್ಯಾಯವಾಗಿ ಅನುಮಾನ ಬರಬೇಕಾದ್ದು ಟ್ಯಾಂಕಿನ ಮೇಲೆ. ಆದರೆ ಅರವತ್ತು ದಾಟಿದ ಮನುಷ್ಯ ಮೊದಲು ಅನುಮಾನಿಸುವುದು ತನ್ನ ಮೈಯನ್ನೇ. ಕಿಟಕಿ ಮುಚ್ಚಿದ ಮಬ್ಬಿನಲ್ಲಿ ಶಿವರತ್ನಮ್ಮ ಇನ್ನೊಮ್ಮೆ ಒತ್ತಿ ನೋಡಿದ್ದರು. ಇನ್ನೂ ಕೆಂಪು. ಹೊರಗೆ ಬಂದು ಕೂತು, ತಟ್ಟೆಯ ಎರಡನೆಯ ಒಬ್ಬಟ್ಟನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳಿದರು.

"ಯಾಕವ್ವ, ತಿನ್ನಿ," ಎಂದಳು ಮಾಲಿನಿ.

"ಸಾಕು ಕಣವ್ವ. ಎಲ್ಲಾ ಸಾಕು."

ಆಮೇಲೆ ಪುಟ್ಟಮಲ್ಲಪ್ಪ ಹೋದ. ಹೋಗುವಾಗ ಕಬ್ಬಿನ ಇಳುವರಿಯ ಮಾತು ಅರ್ಧದಲ್ಲಿತ್ತು. ಬಂದವನು ಉಳಿದರ್ಧ ಆಡಲಿಲ್ಲ. ಶಾಂತಮೂರ್ತಿಯ ಪಕ್ಕ ಕೂತು, "ಮನ್ಸ ಅಂದ್ರೆ ಇಷ್ಟೇ ಬುಡಿ" ಎಂದ. ಏನೆಷ್ಟು ಎಂದು ಶಾಂತಮೂರ್ತಿಗೆ ತಿಳಿಯಲಿಲ್ಲವಾದರೂ ತಲೆಯಾಡಿಸಿದ. ಮಹಾದೇವಮ್ಮ ಹೋಗಿಬಂದ ಹೊತ್ತಿಗೆ ಬಣ್ಣ ಸ್ವಲ್ಪ ತೆಳುವಾಗಿರಬೇಕು. ಆಕೆ ಬರೀ ಮಗಳ ತಲೆ ನೇವರಿಸಿ ಕಣ್ಣೊರೆಸಿಕೊಂಡಳು. ಒಬ್ಬರ ವಿಷಯ ಒಬ್ಬರಿಗೆ ಗೊತ್ತಿಲ್ಲ. ಮೂರು ಜನ, ಮೂರು ಮರಣ, ಒಂದು ಜಗಲಿ.

ಕೊನೆಗೆ ಶಿವರತ್ನಮ್ಮ ಕೋಲನ್ನು ನೆಲಕ್ಕೆ ಕುಟ್ಟಿದರು. "ಮುಂದ್ಕೆ ಮಡಗ್ಬ್ಯಾಡಿ. ಈ ತಿಂಗ್ಳಲ್ಲೇ ಮದ್ವೆ ಮುಗ್ಸಬುಡಿ."

"ಅದೇ ನನ್ ಮಾತೂವೆ," ಎಂದ ಪುಟ್ಟಮಲ್ಲಪ್ಪ.

"ನಮ್ ಕಣ್ಣೆದ್ರುಗೇ ಆಗೋಗ್ಲಿ," ಎಂದಳು ಮಹಾದೇವಮ್ಮ.

ಗದ್ದೆ ಎಷ್ಟೆಂದು ಕೇಳಲಿಲ್ಲ. ಹುಡುಗ ಯಾಕೆ ಮಾತಾಡುವುದಿಲ್ಲ ಎಂದೂ ಕೇಳಲಿಲ್ಲ. ಶಾಂತಮೂರ್ತಿ ಬಚ್ಚಲಿನ ಕಡೆ ತಿರುಗಿ ಕಮೋಡಿಗೆ ಮನಸ್ಸಿನಲ್ಲೇ ಕೈಮುಗಿದ. ಗೋಡೆಯ ಕ್ಯಾಲೆಂಡರ್ ಕೆಳಗಿಳಿಯಿತು. ಒಳಗೆ ತಾಂಬೂಲದ ತಟ್ಟೆ ಸಿದ್ಧವಾಯಿತು. ವೀಳ್ಯದೆಲೆ ಕೈ ಬದಲಾದರೆ ಮಾತು ಕೊಟ್ಟಂತೆ. ಆಮೇಲೆ ಮುಳ್ಳೂರಿನವರು ಹಿಂದೆ ಸರಿಯುವವರಲ್ಲ.

ಆಗ ಮಾಲಿನಿ ಅಡುಗೆಮನೆಯಿಂದ ಕೈಸನ್ನೆ ಮಾಡಿದಳು.

"ಅಜ್ಜಿ ನೀರ್ ಕುಡ್ಯಕ್ ಒಳಕ್ ಬಂದಾಗ ನನ್ ಕೈಲಿ ಹೇಳುದ್ರು. ರಕ್ತ ಓಯ್ತಾ ಅದಂತೆ. ಇನ್ ಇರದು ಸ್ವಲ್ಪ ದಿನ, ಯಾರ್ಗೂ ಹೇಳ್ಬ್ಯಾಡ ಅಂದ್ರು. ಕುತ್ಗೇಲಿರೋ ಸರ ಬಿಚ್ಚಿ, ಮದ್ವೆ ದಿನ ನಾನಿಲ್ದಿದ್ರೆ ಮೊಮ್ಮಗಳಿಗೆ ನೀನೇ ಹಾಕವ್ವ ಅಂತ ನನ್ ಕೈಗ್ ಕೊಡಕ್ ಬಂದ್ರು ಕಣ್ರಿ."

ಶಾಂತಮೂರ್ತಿಗೆ ಪೊಟ್ಟಣ ನೆನಪಾಯಿತು. ಅಂಗೈ ನೋಡಿಕೊಂಡ. ಉಗುರಿನ ಸಂದಿಯಲ್ಲಿ ಇನ್ನೂ ಕೆಂಪಿತ್ತು. ಹೆಂಡತಿಗೆ ಪಿಸುದನಿಯಲ್ಲಿ ಹೇಳಿದ.

"ಓಗಿ ಹೇಳಿ," ಎಂದಳು ಮಾಲಿನಿ.

"ತಾಂಬೂಲ ಒಂದ್ ಆಗೋಗ್ಲಿ. ಆಮೇಕೆ ಹೇಳ್ತೀನಿ."

ಮಾಲಿನಿ ಅವನನ್ನೇ ನೋಡಿದಳು. ಹಾಲು ತಂದವರ ಕ್ಯಾನಿಗೆ ತಾನು ಲ್ಯಾಕ್ಟೋಮೀಟರ್ ಇಳಿಬಿಟ್ಟು ನೋಡುವ ಹಾಗೆ ಅವಳು ತನ್ನೊಳಗೆ ಏನೋ ಇಳಿಬಿಟ್ಟಂತೆ ಶಾಂತಮೂರ್ತಿಗೆ ಅನ್ನಿಸಿತು.

ತಟ್ಟೆ ಹಿಡಿದು ಹೊರಗೆ ಬಂದ. ಒಂದು ಕಡೆ ತಮ್ಮ, ಹೊಸ ಅಂಗಿಯಲ್ಲಿ ತಲೆ ತಗ್ಗಿಸಿ ಕೂತಿದ್ದಾನೆ. ಹೇಳದಿದ್ದರೆ ಈ ತಿಂಗಳೇ ಅವನ ಮದುವೆ. ಇನ್ನೊಂದು ಕಡೆ ಶಿವರತ್ನಮ್ಮ, ತಳ್ಳಿಟ್ಟ ಒಬ್ಬಟ್ಟಿನ ಪಕ್ಕ. ಹದಿನೈದು ವರ್ಷ ಹಾಲಿಗೆ ನೀರು ಬೆರೆಸಿದವರನ್ನು ಹಿಡಿದವನು ಈಗ, ನೀರಿಗೆ ಬಣ್ಣ ಬೆರೆಸಿದವನು ನಾನೇ ಎಂದು ತುಂಬಿದ ಜಗಲಿಯಲ್ಲಿ ಹೇಳಬೇಕಿತ್ತು.

"ನಿಮಗೇನೂ ಆಗಿಲ್ಲ ಕಣವ್ವ," ಎಂದ. "ಅದ್ ರಕ್ತ ಅಲ್ಲ. ಹಸೀನ ಮೈಗ್ ಬಳಿಯೋ ಬಣ್ಣ. ಟ್ಯಾಂಕಿಗೆ ನಾನೇ ಹಾಕಿದ್ದು. ಸೋರ್ತದೋ ಬೆವರ್ತದೋ ನೋಡಕ್ಕೆ."

"ರಕ್ತಾನಾ? ನಿಂಗೂ ಬಂತೇನವ್ವ?" ಎಂದ ಪುಟ್ಟಮಲ್ಲಪ್ಪ ತಾಯಿಯ ಕಡೆ ತಿರುಗಿ.

"ನಿಂಗೂವಾ?" ಎಂದರು ಶಿವರತ್ನಮ್ಮ.

"ನಂಗೂ," ಎಂದಳು ಮಹಾದೇವಮ್ಮ ಸೆರಗಿನೊಳಗಿಂದ.

ಸಾವು ತಪ್ಪಿದ ಸಂತೋಷ ಪುಟ್ಟಮಲ್ಲಪ್ಪನಲ್ಲಿ ಒಂದು ಗಳಿಗೆ ನಿಂತಿತು. ಎರಡನೆಯ ಗಳಿಗೆಗೆ ಕೋಪ ಬಂತು. "ಅರ್ದ ಗಂಟೆ ಸತ್ತಿದ್ದೆ ಕಣ್ರೀ ನಾನು! ಮನಸ್ನಲ್ಲೇ ಎಲ್ಲಾರ್ಗೂ ಬುದ್ದಿ ಹೇಳಿ, ತಿಥಿ ಅಡ್ಗೆಗೂ ಜನ ಗೊತ್ ಮಾಡ್‌ಬುಟ್ಟಿದ್ದೆ! ಬೀಗರ ಕೂರ್ಸೋ ಜಾಗ್ದಲ್ಲಿ ಹಸೀನ ಬಣ್ಣ ಹಾಕೋರು ಇನ್ನೆಲ್ಲೆಲ್ ಏನೇನ್ ಹಾಕೀರೋ! ನಡೀರಿ, ಕಾರ್ ಹತ್ರಿ. ಪವಿತ್ರ ಎಲ್ಲಿ?"

ಟ್ಯಾಂಕಿನ ಮಾತು ಕೇಳುತ್ತಲೇ ಎದ್ದುಹೋಗಿದ್ದ ಪವಿತ್ರ ಜಗಲಿಯಲ್ಲಿರಲಿಲ್ಲ. ಎಲ್ಲರೂ ಒಳಗೆ ನುಗ್ಗಿದರು. ಅವಳು ಬಚ್ಚಲಲ್ಲಿ ಟ್ಯಾಂಕಿನ ಮುಚ್ಚಳ ತೆಗೆದು ಒರಗಿಸಿ, ಬಿಳಿಯ ಕರ್ಚೀಫನ್ನು ನೆಲದ ಹನಿಗೆ ಒತ್ತಿ, ಮೊಬೈಲಿನ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಕರ್ಚೀಫು ಒದ್ದೆಯಾಗಿತ್ತು, ಕೆಂಪಾಗಿರಲಿಲ್ಲ.

"ಸೋರ್ತಿಲ್ಲ," ಎಂದಳು. "ಬೆವರ್ತಾ ಅದೆ. ಕಿಟ್ಕಿ ಯಾರ್ ಮುಚ್ಚಿದ್ದು?"

ಆಗ ಹಿಂದಿನಿಂದ, ಹದಿನಾಲ್ಕು ಸಂಬಂಧಗಳು ಕೇಳದ ಒಂದು ದನಿ ಕೇಳಿತು.

"ಮುಚ್ಬ್ಯಾಡ ಅಂದೆ ಅಣ್ಣುಂಗೆ. ಕೇಳಿಸ್ಕೊಳ್ನಿಲ್ಲ," ಎಂದ ಶಿವಶಂಕರ.

ಹೊಸ ಅಂಗಿಯ ತೋಳು ಮಡಚಿ ಸುತ್ತಿಗೆ ತಂದ. ಒಂದೊಂದೇ ಮೊಳೆ ಕಿತ್ತ. ಪವಿತ್ರ ಕೈಯೊಡ್ಡಿದಳು, ಕಿತ್ತ ಮೊಳೆಗಳನ್ನು ಅವಳ ಅಂಗೈಯಲ್ಲಿಟ್ಟ. ಹಲಗೆ ಕಳಚಿ ಬಿತ್ತು. ಬೆಳಕು ಬಂತು, ಗಾಳಿ ಬಂತು, ಜೊತೆಗೆ ಕಿಟಕಿಯ ಆಚೆ ಒಗೆಯುವ ಕಲ್ಲಿನ ಮೇಲೆ ನಿಂತು ಹಲಗೆಗೆ ಕಿವಿ ಕೊಟ್ಟಿದ್ದ ಯಶೋದಳ ಮುಖವೂ ಬಂತು.

"ಬಟ್ಟೆ ಒಗೀತಿದ್ದೆ," ಎಂದಳು ಯಶೋದ. ಕೈಯಲ್ಲಿ ಬಟ್ಟೆಯಿರಲಿಲ್ಲ. "ಒಳ್ಳೆ ಹುಡ್ಗ ಕಣ್ರವ್ವ. ಬೆಳಕರ್ದಾಗ ಎದ್ದು ಒಬ್ನೇ ಹಂಡೆ ಉರಿ ಹಾಕ್ತಾನೆ, ಅತ್ಗೆಗೆ ಬಿಸ್ನೀರು ಅವನ್ದೇಯ."

ಎಲ್ಲರೂ ಮತ್ತೆ ಜಗಲಿಗೆ ಬಂದರು. ಪುಟ್ಟಮಲ್ಲಪ್ಪನ ಕೈಯಲ್ಲಿ ಕಾರಿನ ಕೀಲಿ ಇನ್ನೂ ಆಡುತ್ತಿತ್ತು. ತಾಂಬೂಲದ ತಟ್ಟೆ ಯಾರ ಕೈಗೂ ಸೇರದೆ ನಡುವೆ ಇತ್ತು. ಶಿವರತ್ನಮ್ಮ ಶಾಂತಮೂರ್ತಿಯನ್ನು ಹತ್ತಿರ ಕರೆದರು.

"ಹೇಳ್ದೇ ಇದ್ದಿದ್ರೆ ಇಷ್ಟೊತ್ಗೆ ತಾಂಬೂಲ ಮುಗ್ದೋಗದು. ಯಾಕಪ್ಪ ಹೇಳ್ದೆ?"

ಶಾಂತಮೂರ್ತಿ ಅವರು ತಳ್ಳಿಟ್ಟ ತಟ್ಟೆಯ ಕಡೆ ನೋಡಿದ.

"ನೀವ್ ಎರಡನೇ ಒಬ್ಬಟ್ಟು ಬ್ಯಾಡ ಅಂದ್‌ಬುಟ್ರಿ. ನೋಡಕ್ಕಾಗ್ನಿಲ್ಲ ಕಣವ್ವ."

ಶಿವರತ್ನಮ್ಮ ಅವನ ಮುಖವನ್ನೇ ನೋಡಿದರು. ಆಮೇಲೆ ತಳ್ಳಿಟ್ಟ ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡು, ಆರಿದ ಒಬ್ಬಟ್ಟನ್ನು ಮುರಿದು ಬಾಯಿಗಿಟ್ಟರು. "ತುಪ್ಪ ಹಾಕವ್ವ" ಎಂದರು ಮಾಲಿನಿಗೆ. ಮೂರನೆಯದನ್ನೂ ತಿಂದರು. ಮದುವೆಯ ಮಾತು ಮಾತ್ರ ಆಡಲಿಲ್ಲ. ಕೈ ತೊಳೆದು ಕೋಲು ತೆಗೆದುಕೊಂಡು, "ಕಾರ್ ಹತ್ತಕ್ ಮುಂಚೆ ಇನ್ನೊಂದ್ ಸಲ ಓಗ್ಬುಟ್ ಬತ್ತೀನಿ" ಎಂದು ಒಳಗೆ ನಡೆದರು.

ಬಾಗಿಲು ಮುಚ್ಚಿತು. ಶಿವಶಂಕರ ನೆಲ ನೋಡುತ್ತಿದ್ದ, ಪವಿತ್ರ ಕೈಯಲ್ಲಿದ್ದ ಮೊಳೆಗಳನ್ನು ಎಲ್ಲಿಡುವುದೆಂದು ತಿಳಿಯದೆ ಹಿಡಿದೇ ಇದ್ದಳು. ಫ್ಲಶ್ಶಿನ ಸದ್ದಾಯಿತು. ಪುಟ್ಟಮಲ್ಲಪ್ಪನಿಗೆ ತಡೆಯಲಾಗಲಿಲ್ಲ.

"ಎದ್ಯಾ ಅವ್ವ?" ಎಂದು ಕೂಗಿದ.

"ಎದ್ದೆ ಕಣ್ಲಾ, ಕೈ ಊರ್ದಂಗೆ!"

"ಯಾವ್ ಬಣ್ಣ ಅದೆ ಈಗ?"

ಕಿಟಕಿಯಿಂದ ಬಂದ ಬಿಸಿಲಿನಲ್ಲಿ ಅಜ್ಜಿ ಬಗ್ಗಿ ನೋಡುತ್ತಿದ್ದಿರಬೇಕು.

"ತೆಳು ಗುಲಾಬಿ ಕಣ್ಲಾ! ಚೆನ್ನಾಗದೆ. ಪವಿತ್ರುನ್ ಧಾರೆ ಸೀರೆಗೆ ಇದೇ ಬಣ್ಣ ತಕಳನ."